ಕಾಕಾ ಗುರುತಿಸಿದ ಗಣಪತಿ

ನಮ್ಮ ಕಾಕಾನ ಕೈಯಿಂದ ಆದ ಗಣಪತಿಗಳಲ್ಲಿ ಒಂದೂ ಇವತ್ತು ಉಳಿದಿಲ್ಲ. ಐವತ್ತು ವರ್ಷ ಕೆಲಸ ಮಾಡಿದ ಮನುಷ್ಯನ ಬಗ್ಗೆ ಹೀಗೊಂದು ವಾಕ್ಯ ಬರೆಯುವುದು ವಿಚಿತ್ರ. ಆದರೆ ಅವರು ಮಾಡಿದ್ದೆಲ್ಲ ಮಣ್ಣಿನಲ್ಲಿ, ಹೋದದ್ದೆಲ್ಲ ನೀರಿಗೆ. ಕೆಲವು ಒಂದೂವರೆ ದಿನಕ್ಕೆ, ಕೆಲವು ಐದನೇ ದಿನಕ್ಕೆ, ದೊಡ್ಡವು ಹನ್ನೊಂದನೇ ದಿನಕ್ಕೆ. ಬಾವಿಗೆ, ಕೆರೆಗೆ, ಈಗೀಗ ಓಣಿಯ ತುದಿಗೆ ತಂದು ನಿಲ್ಲಿಸುವ ನೀರಿನ ತೊಟ್ಟಿಗೆ. ನನಗೆ ಒಂದು ಬೇಕಿತ್ತು. ನೀರಿಗೆ ಹೋಗದೆ, ಧಾರವಾಡದ ನನ್ನ ಕೋಣೆಯಲ್ಲಿ ಉಳಿಯುವ ಒಂದೇ ಒಂದು. ಈ ಬರಹ ಆ ಆಸೆಯದು, ಆ ಆಸೆಗಾಗಿ ನಾನು ಮಾಡಿದ ಒಂದು ತಪ್ಪಿನದು.

ಇದನ್ನು ಈಗಾಗಲೇ ಇಬ್ಬರು ಗೆಳತಿಯರಿಗೆ ಬಾಯಲ್ಲಿ ಹೇಳಿದ್ದೇನೆ. ಎರಡು ಸಲವೂ ಕತೆ ಚೆಂದವಾಗಿ ಬಂತು. ಹಾಗೆ ಚೆಂದವಾಗಿ ಬಂದಾಗೆಲ್ಲ ನನಗೆ ಅನುಮಾನ ಶುರುವಾಗುತ್ತದೆ. ಮೊದಲ ಸಲ ಹೇಳುವಾಗ ಮಳೆ ಬರುತ್ತಿತ್ತು ಎಂದಿದ್ದೆ, ಎರಡನೇ ಸಲ ಬಿಸಿಲು ಎಂದೆ. ಖರೇ ಹೇಳಬೇಕೆಂದರೆ ಆ ತಪ್ಪು ನಡೆದ ದಿನದ ಹವೆ ನನಗೆ ನೆನಪಿಲ್ಲ. ಹಾಗಾಗಿ ಇಲ್ಲಿ ಹವೆಯನ್ನು ಬಿಡುತ್ತೇನೆ.

ಕಮರಿಪೇಟೆಯ ಒಂದು ಓಣಿಯ ಕೊನೆಗೆ ಕಾಕಾನ ಮನೆ, ಮನೆಯ ಮಗ್ಗುಲಿಗೆ ತಗಡಿನ ಶೆಡ್ಡು. ಕೆರೆಯ ಜೇಡಿಮಣ್ಣಿಗೆ ಅರಳೆ ಹಾಕಿ, ಮರದ ಕೊಡತಿಯಿಂದ ಹೊಡೆದು ಹೊಡೆದು ಹದ ಮಾಡುವುದು ಅಲ್ಲಿನ ಪದ್ಧತಿ. ಅರಳೆ ಕೂಡಿದ ಮಣ್ಣು ಒಣಗುವಾಗ ಬಿರಿಯುವುದಿಲ್ಲ. ನನ್ನ ಅಪ್ಪನೂ ಅದೇ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ಅವರು ಅಣ್ಣ, ಕಾಕಾ ತಮ್ಮ. ನಾನು ಏಳು ವರ್ಷದವಳಿದ್ದಾಗ ಅಪ್ಪ ತೀರಿಕೊಂಡರು. ಅವರ ಮುಖ ನೆನಪಿದೆ ಎಂದು ನಾನು ಹೇಳುವುದಿಲ್ಲ. ಗೋಡೆಯ ಮೇಲಿನ ಫೋಟೋ ನೆನಪಿದೆ, ಅಷ್ಟೇ.

ಕಾಕಾನ ಗಣಪತಿಯನ್ನು ಹುಬ್ಬಳ್ಳಿಯ ಹಳೆಯ ಮಂದಿ ದೂರದಿಂದಲೇ ಗುರುತು ಹಿಡಿಯುತ್ತಿದ್ದರು. ಏನನ್ನು ನೋಡಿ ಗುರುತು ಹಿಡಿಯುತ್ತಿದ್ದರು ಎಂದು ಕೇಳಿದರೆ ಯಾರಿಗೂ ಹೇಳಲು ಬರುತ್ತಿರಲಿಲ್ಲ. ನಾನು ಒಮ್ಮೆ ಹೇಳಲು ಹೋಗಿದ್ದೆ. ಕಣ್ಣು ತುಸು ಕೆಳಗೆ, ಎದುರು ಕೂತವರ ದುಃಖ ಕೇಳಿಸಿಕೊಳ್ಳುತ್ತಿರುವ ಹಾಗೆ, ಎಂದು ಇಪ್ಪತ್ತೈದನೇ ವಯಸ್ಸಿನಲ್ಲಿ ಒಂದು ಟಿಪ್ಪಣಿಯಲ್ಲಿ ಬರೆದೆ. ಬರೆದ ಮೇಲೆ ನನ್ನ ನೆನಪಿನ ಗಣಪತಿಗಳೆಲ್ಲ ಕಣ್ಣು ಕೆಳಗೆ ಮಾಡಿ ಕೂತುಬಿಟ್ಟವು. ಅದಕ್ಕಿಂತ ಮುಂಚೆ ಅವು ಹೇಗೆ ನೋಡುತ್ತಿದ್ದವೋ ಈಗ ನನಗೆ ಸಿಗುವುದಿಲ್ಲ.

ನಾನು ಚಿತ್ರ ಕಲಿಯಲು ಧಾರವಾಡಕ್ಕೆ ಹೋದೆ, ಅಲ್ಲೇ ಉಳಿದೆ. ಸ್ವಂತಿಕೆ ಎನ್ನುವ ಶಬ್ದ ನನಗೆ ಸಿಕ್ಕಿದ್ದು ಅಲ್ಲಿ, ಕಮರಿಪೇಟೆಯಲ್ಲಿ ಅದನ್ನು ಯಾರೂ ಆಡುತ್ತಿರಲಿಲ್ಲ. ಆ ಶಬ್ದದ ಬೆನ್ನು ಹತ್ತಿ ನಾನು ಗೋಣಿಚೀಲಕ್ಕೆ ಡಾಂಬರು ಬಳಿದೆ, ಹರಿದ ಪಂಚಾಂಗಗಳನ್ನು ಅಂಟಿಸಿದೆ, ಕ್ಯಾನ್ವಾಸನ್ನು ಕಿಟಕಿಯ ಹೊರಗೆ ಕಟ್ಟಿ ಒಂದು ಮಳೆಗಾಲ ಪೂರ್ತಿ ಬಿಟ್ಟೆ. ಒಂದು ಪ್ರದರ್ಶನದಲ್ಲಿ ಯಾರೋ, ಇದು ಎಲ್ಲೋ ನೋಡಿದ ಹಾಗಿದೆ ಎಂದರು. ಒಂದು ವರ್ಷ ಬ್ರಶ್ ಮುಟ್ಟಲಿಲ್ಲ.

ಆ ಕಾಲದಲ್ಲಿ ಕಾಕಾನ ಮೇಲೆ ನನಗೊಂದು ಸಣ್ಣ ತಾತ್ಸಾರ ಇತ್ತು. ಬರೆಯಲು ನಾಚಿಕೆಯಾಗುತ್ತದೆ. ಪ್ರತಿ ವರ್ಷ ಅದೇ ಕೈ, ಅದೇ ಹೊಟ್ಟೆ, ಅದೇ ಮೋದಕ. ನಿಮಗೆ ಬೇಸರ ಬರುವುದಿಲ್ಲವೇ ಎಂದು ಕೇಳಿದ್ದೆ. ಅವರು ಮಣ್ಣಿನ ಕೈಯನ್ನು ಮೊಣಕಾಲಿಗೆ ಒರೆಸಿಕೊಂಡು ನಕ್ಕರು.

“ನಾ ವರ್ಷಾ ಒಂದ ನಮೂನಿ ಮಾಡತೇನಿ, ಮಂದಿ ಬ್ಯಾರೆ ಬ್ಯಾರೆ ಅಂತಾರ. ನೀ ದಿನಾ ಬ್ಯಾರೆ ಮಾಡ್ತಿ ತಂಗಿ, ನನಗ ಎಲ್ಲಾ ಒಂದ ನಮೂನಿ ಕಾಣತಾವ.”

ಒಳಗಿನಿಂದ ಚಿಗವ್ವ ನಕ್ಕದ್ದು ಕೇಳಿಸಿತು. ಚಿಗವ್ವ ಎಂದರೆ ಕಾಕಾನ ಹೆಂಡತಿ. ಶೆಡ್ಡಿನ ಅರ್ಧ ಕೆಲಸ ಅವಳದೇ, ಬಣ್ಣದ ಕೆಲಸವಂತೂ ಪೂರ್ತಿ ಅವಳದು. ಆದರೆ ಯಾರಾದರೂ ಕೇಳಿದರೆ ಕಾಕಾ ಮಾಡಿದ ಗಣಪ್ಪ ಎಂದೇ ಹೇಳುತ್ತಾಳೆ. ಈ ಬರಹದಲ್ಲಿ ನಾನೂ ಹಾಗೇ ಹೇಳುತ್ತಿದ್ದೇನೆ ಎಂದು ಇಲ್ಲಿಗೆ ಬಂದಾಗ ಗಮನಿಸಿದೆ.

ಮೂರು ವರ್ಷದ ಕೆಳಗೆ ಕಾಕಾನ ಬಲಗೈ ನಡುಗಲು ಶುರುವಾಯಿತು. ಅದೇ ಸುಮಾರಿಗೆ ಗಿರಾಕಿಗಳು ಫೋನು ಹಿಡಿದು ಬರತೊಡಗಿದರು. ಮೊದಲೂ ಬರುತ್ತಿದ್ದರು, ಮುಂಬೈ ಕಡೆಯ ಯಾವುದೋ ದೊಡ್ಡ ಗಣಪತಿಯ ಫೋಟೋ ತೋರಿಸಿ ಇಂಥದ್ದು ಬೇಕು ಅನ್ನುತ್ತಿದ್ದರು. ಈಗ ತಂದ ಚಿತ್ರಗಳಲ್ಲಿದ್ದ ಗಣಪತಿಯನ್ನು ಯಾರೂ, ಎಲ್ಲೂ ಮಾಡಿರಲಿಲ್ಲ. ಎಐಗೆ ನಾಲ್ಕು ಮಾತು ಬರೆದು ಮಾಡಿಸಿದ ಚಿತ್ರಗಳು ಅವು. ಮೋಡದ ನಡುವೆ, ಎದೆಯ ಸ್ನಾಯು ಉಬ್ಬಿಸಿಕೊಂಡು, ಒಂದೊಂದು ಒಡವೆಯೂ ಮಿಂಚುವ ಹಾಗೆ. ಕಾಕಾ ಇಪ್ಪತ್ತು ವರ್ಷದಿಂದ ಗಣಪತಿ ಮಾಡಿಕೊಡುತ್ತಿದ್ದ ಒಂದು ಮಂಡಳಿಯ ಅಧ್ಯಕ್ಷರು ಅಂಥದೊಂದನ್ನು ತಂದು ತೋರಿಸಿದರು. ಕಾಕಾ ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು, ಬಹಳ ಹೊತ್ತು ನೋಡಿ ಹೇಳಿದ್ದು ಇಷ್ಟೇ.

“ಸಾಹೇಬ್ರ, ಈ ಗಣಪ್ಪ ಕುಂತಿಲ್ರಿ. ಕುಂತಂಗ ಕಾಣತಾನ.”

ಅಧ್ಯಕ್ಷರು ಮರ್ಯಾದೆಯಿಂದ ನಕ್ಕು, ಚಹಾ ಕುಡಿದು ಹೋದರು. ಆ ವರ್ಷ ಅವರ ಮಂಡಳಿಯ ಗಣಪತಿ ಗಬ್ಬೂರಿನ ಬೈಪಾಸಿನ ಹತ್ತಿರ ಹೊಸದಾಗಿ ಹಾಕಿದ ದೊಡ್ಡ ಶೆಡ್ಡಿನಿಂದ ಬಂತು. ನಾನು ನೋಡಲು ಹೋಗಿದ್ದೆ. ಕೆಟ್ಟದ್ದಾಗಿತ್ತು ಎಂದು ಬರೆದರೆ ನನಗೆ ಸುಖವಾಗುತ್ತಿತ್ತು. ಚೆನ್ನಾಗಿಯೇ ಇತ್ತು, ಮಂದಿ ಮುಗಿಬಿದ್ದು ಫೋಟೋ ತೆಗೆಯುತ್ತಿದ್ದರು. ಅದು ಕೂತಿದೆಯೋ, ಕೂತ ಹಾಗೆ ಕಾಣುತ್ತದೆಯೋ ಎಂದು ನೋಡುತ್ತ ನಿಂತೆ. ಮೊದಲಿನ ಹಾಗೆ ಸುಮ್ಮನೆ ನೋಡಲು ಆಗಲಿಲ್ಲ.

ಮರುವರ್ಷ ಕಾಕಾ ಮಾಡಿದ್ದು ಗೇಣುದ್ದದ, ಅಚ್ಚಿನಲ್ಲಿ ಒತ್ತುವ ಸಣ್ಣ ಗಣಪತಿಗಳು ಮಾತ್ರ. ಕೈಯಿಂದ ಕಟ್ಟುವುದು ನಿಂತಿತು. ಒಂದು ಬೇಕು ಎನ್ನುವ ಆಸೆ ನನಗೆ ಹುಟ್ಟಿದ್ದು ಆಗ.

ಗಣಪತಿಗಳು ಹೋಗಿದ್ದವು, ಫೋಟೋಗಳಾದರೂ ಇರಬಹುದು ಎಂದು ಹುಡುಕಿದೆ. ಕಮರಿಪೇಟೆಯ ಹಳೆಯ ಮನೆಗಳು, ಅಲ್ಲಿಂದ ಗೋಕುಲ ರಸ್ತೆಯ ಕಡೆ ಮನೆ ಕಟ್ಟಿಕೊಂಡು ಹೋದವರು, ಎಲ್ಲರ ಮನೆಗೂ ಹೋದೆ. ಅಲ್ಬಮ್ಮು ತೆಗೆದರು, ಚುರುಮುರಿ ಕೊಟ್ಟರು. ಫೋಟೋಗಳಲ್ಲಿ ಮನೆಯವರೇ ಇದ್ದರು. ಹೊಸ ಸೀರೆ, ಹೊಸ ಅಂಗಿ, ಅಳುವ ಕೂಸು, ಹಿಂದೆ ಎಲ್ಲೋ ಗರಿಕೆಯ ಹಾರ ಮತ್ತು ಬಣ್ಣದ ದೀಪಗಳ ನಡುವೆ ಗಣಪತಿಯ ಅರ್ಧ ಮುಖ, ಒಂದು ಕಿವಿ. ಎಲ್ಲರೂ ಒಂದೇ ಮಾತು ಹೇಳಿದರು, ಇದು ನಿಮ್ಮ ಕಾಕಾನೇ ಮಾಡಿದ್ದು ಎಂದು. ಹಾಗೆ ಮೂವತ್ತನಾಲ್ಕು ಫೋಟೋ ಕೂಡಿದವು. ಅದರಲ್ಲಿ ಆರಾದರೂ ಕಾಕಾನವು ಅಲ್ಲ, ಬೇರೆ ಓಣಿಯ ಬೇರೆಯವರು ಮಾಡಿದವು ಎಂದು ಆಮೇಲೆ ಗೊತ್ತಾಯಿತು. ಆಗ ಎಲ್ಲವನ್ನೂ ನಂಬಿದೆ.

ಆ ಮೂವತ್ತನಾಲ್ಕನ್ನೂ ಕಂಪ್ಯೂಟರಿಗೆ ಹಾಕಿ, ಈ ಕೈಯ ಗಣಪತಿ ಪೂರ್ತಿ ಮಾಡಿ ತೋರಿಸು ಎಂದು ಎಐಗೆ ಕೇಳಿದೆ. ಇದಕ್ಕೆ ಮುಂಚೆ ನನ್ನ ಚಿತ್ರಗಳನ್ನೂ ಹಾಕಿ ನೋಡಿದ್ದೆ. ಒಂದು ನಿಮಿಷವೂ ಆಗದೆ ಅದು ನನ್ನ ಡಾಂಬರಿನ ಚಿತ್ರಗಳನ್ನು ನನಗಿಂತ ಚೆನ್ನಾಗಿ ಮಾಡಿ ಕೊಟ್ಟಿತ್ತು. ನೋಡಿ ನನಗೆ ಸಿಟ್ಟೂ ಬಂದಿರಲಿಲ್ಲ, ಅಳುವೂ ಬಂದಿರಲಿಲ್ಲ. ಗಣಪತಿಯ ವಿಷಯದಲ್ಲಿ ಹಾಗಾಗಲಿಲ್ಲ. ಮೊದಲ ಕೆಲವು ದಿನ ಅದು ಕೊಟ್ಟದ್ದೆಲ್ಲ ಕ್ಯಾಲೆಂಡರಿನವು. ನಾನು ಫೋಟೋಗಳನ್ನು ಕತ್ತರಿಸಿ, ಮಂದಿಯನ್ನು ತೆಗೆದು, ಮತ್ತೆ ಮತ್ತೆ ಹಾಕಿದೆ. ಒಂದು ಮಧ್ಯಾಹ್ನ ಪರದೆಯ ಮೇಲೆ ಬಂದದ್ದನ್ನು ನೋಡಿ ಕುರ್ಚಿಯಿಂದ ಎದ್ದು ನಿಂತೆ. ಮಣ್ಣಿನ ಬಣ್ಣದ, ಇನ್ನೂ ಬಣ್ಣ ಬಳಿಯದ ಗಣಪತಿ. ಕಮರಿಪೇಟೆಯ ಶೆಡ್ಡಿನ ವಾಸನೆ ಬಂದ ಹಾಗಾಯಿತು ಎಂದು ಗೆಳತಿಯರಿಗೆ ಹೇಳಿದ್ದೆ, ಅದು ಸುಳ್ಳು. ವಾಸನೆ ಏನೂ ಬರಲಿಲ್ಲ. ಕಣ್ಣು ತುಂಬಿದ್ದು ಮಾತ್ರ ಖರೆ.

ಅದನ್ನು ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕಿಸಿಕೊಂಡು ಹುಬ್ಬಳ್ಳಿಗೆ ಹೋದೆ. ನೋಡಿ ಕಾಕಾ, ಮಷೀನು ನಿಮ್ಮ ಹಾಗೆ ಮಾಡಿದೆ, ಎಂದು ತೋರಿಸುವುದು, ಅವರು ಏನಾದರೂ ಚುಚ್ಚಿ ಮಾತಾಡುವುದು, ಇಬ್ಬರೂ ನಗುವುದು, ಇಷ್ಟೇ ನನ್ನ ತಲೆಯಲ್ಲಿತ್ತು. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಹಾಳೆ ಬಿಚ್ಚಿ ಎದುರು ಹಿಡಿದೆ. ಅವರು ಚಷ್ಮಾ ಹಾಕಿಕೊಂಡರು. ನಾನು ಬಾಯಿ ತೆಗೆಯುವ ಮೊದಲೇ ಅವರ ಬಾಯಿಂದ ಮಾತು ಬಂತು.

“ಇದು ಆ ಮಳೀ ವರ್ಷದ್ದ ಅಲ್ಲೇನು? ನಿನಗ ಎಲ್ಲಿ ಸಿಕ್ತು ಇದು?”

ಆಮೇಲೆ ಅವರು ಹೇಳುತ್ತ ಹೋದರು. ಆ ವರ್ಷ ಶ್ರಾವಣ ಪೂರ್ತಿ ಮಳೆ ಬಿಡಲಿಲ್ಲ, ತಗಡು ಸೋರುತ್ತಿತ್ತು, ಮಣ್ಣು ಒಣಗಲಿ ಎಂದು ಸುತ್ತಲೂ ಇದ್ದಿಲ ಶೇಗಡಿ ಹೊತ್ತಿಸಿ ಇಟ್ಟಿದ್ದರು. ಗಣಪತಿಯ ಕೈಯೊಂದು ಎರಡು ಸಲ ಕಳಚಿ ಬಿತ್ತು. ಮೂರನೇ ಸಲ ಕೂಡಿಸಿ, ಅದು ಗಟ್ಟಿಯಾಗುವವರೆಗೆ ಚಿಗವ್ವ ತನ್ನ ಕೈಯನ್ನು ಅದರ ಕೆಳಗೆ ಆಸರೆ ಕೊಟ್ಟು ಒಂದು ಇಡೀ ಮಧ್ಯಾಹ್ನ ಕೂತಿದ್ದಳು. ಚಿಗವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು, ಹಾಳೆ ನೋಡಿದಳು.

“ಹೌದ್ರಿ, ಅದ ಇದು. ನನ್ನ ರಟ್ಟಿ ಸೇದಿ ಹೋಗಿತ್ತಲ್ರಿ. ಊಟಾ ಸೈತ ಕುಂತಲ್ಲೇ ಮಾಡಿದ್ನಿ.”

ಕಳಚಿ ಬಿದ್ದದ್ದು ಗಣಪ್ಪನ ಯಾವ ಕೈ ಎಂಬುದರ ಮೇಲೆ ಇಬ್ಬರಿಗೂ ವಾದವಾಯಿತು. ಕಾಕಾ ಎಡಗೈ ಎಂದರು. ಊಟ ಮಾಡಿದ್ದು ಬಲಗೈಯಿಂದ, ಅಂದಮೇಲೆ ನಾನು ಹಿಡಿದದ್ದು ಎಡಗೈಯಲ್ಲಿ, ಅಂದಮೇಲೆ ನನ್ನ ಎದುರಿನ ಗಣಪ್ಪನದು ಬಲಗೈ, ಎಂದು ಚಿಗವ್ವ ಲೆಕ್ಕ ಒಪ್ಪಿಸಿದಳು. ಹಾಳೆಯ ಮೇಲಿನ ಚಿತ್ರವನ್ನೇ ಬೆರಳಿನಿಂದ ಮುಟ್ಟಿ ಮುಟ್ಟಿ ತೋರಿಸುತ್ತಿದ್ದರು. ಅಲ್ಲಿ, ಆ ತೋಳಿನ ಮೇಲೆ, ಕೂಡಿಸಿದ ಗುರುತೂ ಇದೆ ಎಂದರು ಕಾಕಾ. ನಾನು ಬಗ್ಗಿ ನೋಡಿದೆ. ಒಂದು ನೆರಳಿತ್ತು.

ಆಗ ಹೇಳಬೇಕಿತ್ತು. ಹೇಳಲಿಲ್ಲ. ಕಾಕಾ ಅಷ್ಟು ಹೊತ್ತು ಮಾತಾಡಿ ವರ್ಷದ ಮೇಲಾಗಿತ್ತು. ಇದು ಪೂರ್ತಿ ಕಾರಣವಲ್ಲ. ಅವರು ಹಾಳೆಯನ್ನು ಮಡಚುತ್ತ, ಇದನ್ನು ಇನ್ನೊಮ್ಮೆ ಮಾಡಿ ನೋಡಬೇಕು ಎಂದರು. ಆ ಮಾತು ಕೇಳಿದ ಮೇಲೆ ನಾನು ಹೇಳುವುದು ಸಾಧ್ಯವೇ ಇರಲಿಲ್ಲ. ನನಗೆ ಬೇಕಾದದ್ದು ನನ್ನ ಕಡೆಗೆ ತಾನಾಗಿ ನಡೆದು ಬರುತ್ತಿತ್ತು.

“ನನಗ ಮಾಡಿ ಕೊಡ್ರಿ ಕಾಕಾ,” ಅಂದೆ.

“ಹಂಗಾರ ಪಂಚಮಿಗೆ ಮಣಿ ತಂದು ಕೊಡು. ಮಣಿ ಇಲ್ಲದ ನಾ ಯಾರಿಗೂ ಮಾಡೂದಿಲ್ಲ.”

ನಮ್ಮಲ್ಲಿ ಅದೇ ರೂಢಿ. ಚೌತಿಗೆ ಒಂದು ತಿಂಗಳ ಮುಂಚೆ, ನಾಗರಪಂಚಮಿಯ ಹೊತ್ತಿಗೆ, ಗಣಪತಿ ಬೇಕಾದ ಮನೆಯವರು ತಮ್ಮ ಮನೆಯ ಮಣೆಯನ್ನು ಒಯ್ದು ಮಾಡುವವರಿಗೆ ಕೊಡಬೇಕು. ಆ ಮಣೆಯ ಮೇಲೇ ಗಣಪತಿ ಎದ್ದು, ಅದರ ಮೇಲೇ ಮನೆಗೆ ಬರುತ್ತಾನೆ. ನನ್ನ ಧಾರವಾಡದ ಮನೆಯಲ್ಲಿ ಗಣಪತಿ ಕೂಡಿಸುವ ಪದ್ಧತಿ ಇಲ್ಲ, ಮಣೆಯೂ ಇಲ್ಲ. ಕಲಾಶಾಲೆಯ ಕಾಲದ ನನ್ನ ಡ್ರಾಯಿಂಗ್ ಬೋರ್ಡು ಒಯ್ದೆ. ಕಾಕಾ ಅದನ್ನು ತಿರುವಿ ನೋಡಿದರು.

“ಇದರ ಮ್ಯಾಲ ಡಾಂಬರ ಐತಿ. ಗಣಪ್ಪ ರಸ್ತೇದಾಗ ಕುಂತಂಗ ಆಗತೈತಿ.”

ತೆಗೆದುಕೊಂಡರು. ಆಮೇಲೆ ನಾನು ನೀರಿಗೆ ಬಿಡುವುದಿಲ್ಲ ಎಂದು ಹೇಳಿದೆ, ಪೂಜೆಯನ್ನೂ ಮಾಡುವುದಿಲ್ಲ, ಇಟ್ಟುಕೊಳ್ಳುತ್ತೇನೆ ಎಂದೆ. ಚಿಗವ್ವನ ಮುಖ ಸಣ್ಣದಾಯಿತು. ಕಾಕಾ ಬೋರ್ಡಿನ ಮೇಲಿನ ಪಿನ್ನಿನ ತೂತುಗಳನ್ನು ಸವರಿದರು. ಪೂಜೆ ಇಲ್ಲದ ಮೇಲೆ ಅದು ಗೊಂಬೆ, ಗೊಂಬೆ ಮಾಡಿ ಕೊಡುತ್ತೇನೆ ಎಂದರು. ಗೊಂಬೆಗಾದರೆ ಕೈ ನಡುಗಿದರೂ ದೋಷವಿಲ್ಲ ಎಂದೂ ಸೇರಿಸಿದರು.

ಕೆಲಸ ಶುರುವಾಯಿತು. ಎರಡಡಿಯ ಗಣಪತಿ. ನಾನು ಎರಡು ದಿನಕ್ಕೊಮ್ಮೆ ಧಾರವಾಡದಿಂದ ಬಸ್ಸು ಹಿಡಿದು ಬರುತ್ತಿದ್ದೆ. ಕಾಕಾ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಕಟ್ಟುತ್ತಿದ್ದರು. ಹಾಳೆಯನ್ನು ಗೋಡೆಗೆ ಮೊಳೆ ಹೊಡೆದು ಹಾಕಿದ್ದರು, ಹತ್ತು ಸಲ ಅದನ್ನು ನೋಡುವರು, ಒಮ್ಮೆ ಮಣ್ಣು ಮುಟ್ಟುವರು. ನಾನು ಫೋನಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದೆ. ಹೊಟ್ಟೆ ಬಂತು, ಮಡಚಿದ ಕಾಲು ಬಂತು, ಸೊಂಡಿಲು, ಕಣ್ಣು ಬಂದವು. ಹಾಳೆಯಲ್ಲಿದ್ದದ್ದಕ್ಕಿಂತ ಮಣ್ಣಿನದು ಚೆನ್ನಾಗಿತ್ತು, ಅದು ಕೂತಿತ್ತು. ಹದಿನೈದು ದಿನ ನಾನು ಬಹಳ ಸುಖದಲ್ಲಿದ್ದೆ. ಆ ಸುಖದ ಬಗ್ಗೆ ಬರೆಯಬಾರದೆಂದು ಅಂದುಕೊಂಡಿದ್ದೆ, ಬರೆದಾಯಿತು.

ಆಮೇಲೆ ಅವರು ಬೋರ್ಡನ್ನು ಸುತ್ತು ತಿರುಗಿಸಿ, ಹಿಂದಿನಿಂದ ತೆಗೆದ ಫೋಟೋ ಎಲ್ಲಿ ಎಂದು ಕೇಳಿದರು. ಬಹಳ ಮಂದಿ ಮಾಡುವವರು ಬೆನ್ನಿಗೆ ಒಂದು ಕೈ ಮಣ್ಣು ಬಳಿದು ಬಿಡುತ್ತಾರೆ, ಅದು ಗೋಡೆಯ ಕಡೆಗೆ ಇರುವಂಥದ್ದು. ನಮ್ಮ ಶೆಡ್ಡಿನಲ್ಲಿ ಮಾತ್ರ ಬೆನ್ನನ್ನೂ ಮುಖದಷ್ಟೇ ಹೊತ್ತು ಮಾಡುತ್ತಿದ್ದರು. ನಾನು ಫೋಟೋ ಸಿಕ್ಕಿಲ್ಲ ಎಂದೆ. ಧಾರವಾಡಕ್ಕೆ ಹೋಗಿ ಎಐಗೆ ಬೆನ್ನು ಕೇಳಿದೆ. ಹಬ್ಬದ ಫೋಟೋ ಯಾರೂ ಹಿಂದಿನಿಂದ ತೆಗೆಯುವುದಿಲ್ಲ, ಮೂವತ್ತನಾಲ್ಕರಲ್ಲಿ ಒಂದರಲ್ಲೂ ಬೆನ್ನಿರಲಿಲ್ಲ. ಆದರೂ ಅದು ತಡಮಾಡದೆ ನಾಲ್ಕು ಬೆನ್ನು ಕೊಟ್ಟಿತು. ಜರಿ ಶಲ್ಯದ ಮಡಿಕೆ, ಜನಿವಾರ, ಎಲ್ಲ ಇತ್ತು. ಅದರಲ್ಲಿ ಒಂದನ್ನು ಒಯ್ದು, ಸಿಕ್ಕಿತು ಎಂದು ಸುಳ್ಳು ಹೇಳಿ ತೋರಿಸಿದೆ. ಕಾಕಾ ಚಷ್ಮಾ ಸಹ ಹಾಕಿಕೊಳ್ಳಲಿಲ್ಲ.

“ಇದು ನಂದಲ್ಲ,” ಅಂದರು.

ಹಾಳೆಯನ್ನು ಪಕ್ಕಕ್ಕಿಟ್ಟು, ನೀರಿನಲ್ಲಿ ಕೈ ಅದ್ದಿ, ಬೆನ್ನು ಶುರು ಮಾಡಿದರು. ಏನನ್ನೂ ನೋಡಲಿಲ್ಲ. ಕೈ ನಡುಗುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಕತ್ತಿನ ಕೆಳಗೆ ಒಂದು ಸಣ್ಣ ಗುಡ್ಡೆ ಬಂತು, ಬಗ್ಗಿ ಕೆಲಸ ಮಾಡುವವರಿಗೆ ಬರುವಂಥದ್ದು. ಬಲ ಹೆಗಲು ಎಡಕ್ಕಿಂತ ಒಂದು ಬೆರಳು ಕೆಳಗೆ. ನಡುವಿನ ಹತ್ತಿರ ಎರಡು ಮಡಿಕೆ, ಧೋತರದ ಗಂಟಿನ ಮೇಲೆ ತುಸು ಉಬ್ಬಿದ ಮೈ. ಇದು ದೇವರ ಬೆನ್ನಲ್ಲ, ದುಡಿಯುವ ಯಾರದೋ ಬೆನ್ನು. ನಾನು ಕೇಳಿದೆ, ಇದು ಯಾರದು ಎಂದು. ಕಾಕಾ ಕೆಲಸ ನಿಲ್ಲಿಸದೆ ಹೇಳಿದರು.

“ಅಣ್ಣಂದು. ಮತ್ತ ಯಾರದು? ಕೆಲಸಾ ಕಲಿಯೂ ಮುಂದ ಬಾಗಲ ಬೆಳಕಿಗೆ ಅವ ಕುಂದರತಿದ್ದ, ಅವನ ಹಿಂದ ನಾ ಕುಂತು ಮಣ್ಣಿನ ಉಂಡಿ ಮಾಡಿ ಕೊಡತಿದ್ದೆ. ಹನ್ನೊಂದು ವರ್ಷ. ಅವನ ಮಾರಿಗಿಂತ ನಾ ಬೆನ್ನ ನೋಡಿದ್ದ ಹೆಚ್ಚು.”

ಎಂದರೆ ನನ್ನ ಅಪ್ಪನದು. ಕಾಕಾ ಮಾಡಿದ ಪ್ರತಿ ಗಣಪತಿಯ ಹಿಂದೆ ಅದಿತ್ತು, ಪ್ರತಿ ವರ್ಷ ಅದು ಗೋಡೆಗೆ ಆತು ಕೂತು, ಆಮೇಲೆ ನೀರಿಗೆ ಹೋಗಿತ್ತು. ನಾನು ಅದೇ ಶೆಡ್ಡಿನಲ್ಲಿ ಬೆಳೆದವಳು, ನೂರಾರು ಸಲ ನೋಡಿರಬೇಕು, ಒಮ್ಮೆಯೂ ಗುರುತು ಹತ್ತಿರಲಿಲ್ಲ. ಇಲ್ಲಿ ನನಗೆ ಮತ್ತೆ ಅನುಮಾನ. ಇಷ್ಟು ಸರಿಯಾಗಿ ಕೂಡಿ ಬಂದರೆ ಅದು ನೆನಪೋ, ನಾನು ಕಟ್ಟಿದ್ದೋ? ಕಾಕಾ ಹನ್ನೊಂದು ವರ್ಷ ಎಂದರೋ, ಹತ್ತು ಎಂದರೋ, ಅದೂ ಈಗ ಗಟ್ಟಿಯಿಲ್ಲ. ಬೆನ್ನು ಮಾತ್ರ ಎದುರಿಗಿತ್ತು. ಒದ್ದೆಯಾಗಿತ್ತು. ಅದರ ಬಲ ಹೆಗಲ ಮೇಲೆ ಕೈ ಇಡಬೇಕೆನ್ನಿಸಿತು, ಬೆರಳಿನ ಗುರುತು ಬೀಳುತ್ತದೆ ಎಂದು ಇಡಲಿಲ್ಲ.

ಆ ಬೆನ್ನಿನ ಎದುರು ಕೂತು ಸುಳ್ಳನ್ನು ಹಿಡಿದುಕೊಳ್ಳಲು ನನಗೆ ಆಗಲಿಲ್ಲ. ಗೋಡೆಯ ಮೇಲಿನ ಚಿತ್ರ ನಿಮ್ಮದಲ್ಲ ಕಾಕಾ ಎಂದೆ. ಯಾವ ವರ್ಷದ್ದೂ ಅಲ್ಲ, ಯಾರೂ ಮಾಡಿದ್ದಲ್ಲ, ಮಷೀನು ಮಾಡಿದ್ದು ಎಂದೆ. ಮೂವತ್ತನಾಲ್ಕು ಫೋಟೋ, ಕಂಪ್ಯೂಟರು, ಎಲ್ಲ ಹೇಳಿದೆ. ಅವರಿಗೆ ಸಿಟ್ಟು ಬರಬಹುದು, ಇಲ್ಲವೇ ನಗಬಹುದು ಎಂದುಕೊಂಡಿದ್ದೆ. ಅವರು ಎದ್ದು ಹಾಳೆಯ ಹತ್ತಿರ ಹೋಗಿ, ಆ ತೋಳಿನ ಮೇಲಿನ ನೆರಳನ್ನು ಮುಟ್ಟಿ ನೋಡಿದರು. ಆಮೇಲೆ ಕೇಳಿದ್ದು ಒಂದೇ.

“ಹಂಗಾರ ಆ ಮಳೀ ವರ್ಷದ್ದು ಹೆಂಗಿತ್ತು?”

ಈ ಪ್ರಶ್ನೆಯನ್ನು ನಾನು ಎಣಿಸಿಯೇ ಇರಲಿಲ್ಲ. ಆ ಮಳೆ ಖರೆ, ಶೇಗಡಿ ಖರೆ, ಚಿಗವ್ವನ ನೋವಿನ ರಟ್ಟೆ ಖರೆ. ಆದರೆ ಎಲ್ಲದರ ನಡುವೆ ಕೂತಿದ್ದ ಗಣಪತಿಯ ಜಾಗದಲ್ಲಿ ಕಾಕಾ ನಾನು ತಂದ ಚಿತ್ರವನ್ನು ಕೂಡಿಸಿಬಿಟ್ಟಿದ್ದರು. ಈಗ ಅದನ್ನು ತೆಗೆದರೆ ಅಲ್ಲಿ ಏನೂ ಇರಲಿಲ್ಲ.

ಅವರು ಬೋರ್ಡನ್ನು ಮತ್ತೆ ಮುಂದಕ್ಕೆ ತಿರುಗಿಸಿದರು. ಅಂಗೈಯನ್ನು ನೀರಿನಲ್ಲಿ ಅದ್ದಿ, ಹಣೆಯಿಂದ ಕೆಳಗೆ ಒಮ್ಮೆ ಒತ್ತಿ ಎಳೆದರು. ಕಣ್ಣು ಹೋಯಿತು. ಸೊಂಡಿಲನ್ನು ತಿರುವಿ ಕಿತ್ತು, ಉಂಡೆ ಮಾಡಿ ಪಕ್ಕಕ್ಕೆ ಇಟ್ಟರು. ನಾನು ಬೇಡ್ರಿ ಎಂದೆನೋ ಏನೋ. ಬೆನ್ನನ್ನು ಮುಟ್ಟಲಿಲ್ಲ.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಚಿಗವ್ವ ಬಂದಳು. ದನಿ ಏರಿಸಲಿಲ್ಲ.

“ಖರೇ ಹೇಳಾಕ ನಿನಗ ಇವತ್ತ ನೆನಪಾತೇನು? ಪಂಚಮಿಗೆ ಹೇಳಬೇಕಿತ್ತು. ಇಲ್ಲಾ ಸಾಯೂತನಕ ಬಾಯಿ ಮುಚಗೊಂಡ ಇರಬೇಕಿತ್ತು.”

ಚೌತಿ ಬಂತು, ಹೋಯಿತು. ಸಣ್ಣ ಗಣಪತಿಗಳೆಲ್ಲ ತಮ್ಮ ತಮ್ಮ ಮಣೆಯ ಮೇಲೆ ಮನೆಗಳಿಗೆ ಹೋದವು. ನನ್ನ ಬೋರ್ಡು ಶೆಡ್ಡಿನಲ್ಲೇ ಉಳಿಯಿತು, ಒದ್ದೆ ಗೋಣಿಚೀಲ ಹೊದ್ದು. ಕಾಕಾ ದಿನಾ ಮುಖ ಮಾಡುತ್ತಾರೆ, ದಿನಾ ಅಳಿಸುತ್ತಾರೆ. ನಾನು ಕಂಡಷ್ಟರಲ್ಲೇ ಐದು ಬೇರೆ ಬೇರೆ ಮುಖ ಬಂದು ಹೋದವು. ಒಂದು ಎಷ್ಟು ಚೆನ್ನಾಗಿತ್ತೆಂದರೆ, ಕಾಲು ಹಿಡಿಯುತ್ತೇನೆ, ಇದನ್ನು ಬಿಡಿ ಎಂದೆ. ಅವರು ತಲೆ ಅಲ್ಲಾಡಿಸಿದರು.

“ಇದೂ ಆ ಚಿತ್ರದ್ದ ಆತು. ಕೈಯಿಂದ ಹೋಗವಲ್ದು ಅದು.”

ಗೋಡೆಯ ಹಾಳೆಯನ್ನು ಚಿಗವ್ವ ಎಂದೋ ತೆಗೆದು ಒಲೆಗೆ ಹಾಕಿದ್ದಾಳೆ. ಅದರಿಂದ ಪ್ರಯೋಜನವಾಗಿಲ್ಲ. ಸ್ವಂತಿಕೆಯ ಬಗ್ಗೆ ನಾನು ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೇನೆ. ಒಬ್ಬ ಮುದುಕನ ಬೆರಳಿಗೆ ಅಂಟಿಕೊಂಡ ಒಂದು ಮುಖವನ್ನು ಬಿಡಿಸುವುದು ಹೇಗೆಂದು ಆ ಯಾವ ಮಾತಿನಿಂದಲೂ ಗೊತ್ತಾಗುವುದಿಲ್ಲ.

ಈ ವಾರ ಹೋದಾಗ ಕಾಕಾ ನನ್ನನ್ನು ಹತ್ತಿರ ಕರೆದು ಕೂಡಿಸಿಕೊಂಡರು. ನಾಚಿದವರ ಹಾಗೆ, ಚಿಗವ್ವನಿಗೆ ಕೇಳಿಸದ ಹಾಗೆ, ಆ ಮಷೀನಿಗೆ ಕೇಳಿ ನೋಡು ಎಂದರು. ಮಳೆ, ಸೋರುವ ತಗಡು, ಬಿದ್ದ ಕೈ, ಎಲ್ಲ ಹೇಳಿ, ಆ ವರ್ಷದ್ದು ಹೆಂಗಿತ್ತು ಅಂತ ಕೇಳು ಎಂದು ಬಿಡಿಸಿ ಹೇಳಿದರು. ಅದಕ್ಕೆ ಗೊತ್ತಿಲ್ಲ ಕಾಕಾ, ಕೇಳಿದರೆ ಏನನ್ನಾದರೂ ಮಾಡಿ ಕೊಡುತ್ತದೆ ಎಂದೆ.

“ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಂಗಿಲ್ಲೇನು ಅದು?”

“ಅನ್ನೂದಿಲ್ರಿ.”

ಅರ್ಧಕ್ಕೆ ನಿಂತ ಗಣಪತಿ ಮನೆಯಲ್ಲಿ ಇರಬಾರದು ಎಂದು ಚಿಗವ್ವ ಗಡುವು ಹಾಕಿದ್ದಾಳೆ. ಮಹಾನವಮಿ ಅಮಾವಾಸ್ಯೆ, ಎಂದರೆ ದಸರೆಗೆ ಮುಂಚಿನ ಅಮಾವಾಸ್ಯೆಯೊಳಗೆ ಮುಖ ಆಗಬೇಕು, ಇಲ್ಲದಿದ್ದರೆ ಇಡೀ ಮಣ್ಣನ್ನು ತೊಟ್ಟಿಗೆ ಹಾಕಿ ಕರಗಿಸುತ್ತಾಳೆ, ಬೆನ್ನು ಸಹಿತ. ಅವಳು ಹೇಳಿದರೆ ಮಾಡುವವಳೇ. ಅಮಾವಾಸ್ಯೆ ಭಾನುವಾರ. ಬೆನ್ನನ್ನಷ್ಟೇ ಕೊಯ್ದು ನನಗೆ ಕೊಡಿ ಎಂದು ಕೇಳುವ ಮಾತು ಬಾಯಿಯವರೆಗೆ ಬಂದಿತ್ತು. ಅದರ ಒಂದೇ ಒಂದು ಫೋಟೋ ನನ್ನ ಹತ್ತಿರ ಇಲ್ಲ. ಎಲ್ಲವನ್ನೂ ಹಿಡಿದವಳು, ಆ ಹೊತ್ತು ಫೋನು ಕೆಳಗಿಟ್ಟಿದ್ದೆ.

ನಾಳೆ ಶನಿವಾರ ಬಾ ಎಂದಿದ್ದಾರೆ ಕಾಕಾ, ಅದಕ್ಕಿಂತ ಮುಂಚೆ ಬೇಡ. ಫೋನು ತರಬೇಡ ಎಂದೂ ಹೇಳಿದ್ದಾರೆ. ಇವತ್ತು ಬೆಳಿಗ್ಗೆಯಿಂದ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಫೋನನ್ನು ಇಲ್ಲೇ ಬಿಟ್ಟು ಹೋಗುತ್ತೇನೆ ಎಂದು ಬರೆಯಬಹುದಿತ್ತು. ಅಷ್ಟು ಧೈರ್ಯ ಇನ್ನೂ ಬಂದಿಲ್ಲ.